ಒರೆಗಲ್ಲಿನ ಮೇಲೆ ಸಮ್ಮೋಹನ



ಸಮ್ಮೋಹನ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ವೇದಿಕೆಯ ಮೇಲಿನ ಜಾದೂಗಾರನೇ ಇರಬೇಕು. ಆತ ಕೈ ಬೀಸುತ್ತಾನೆ, ಎದುರಿಗಿದ್ದವನು ಮಂಪರಿಗೆ ಜಾರುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ. ಅದೇ ಸಮ್ಮೋಹನವನ್ನು ನೋವು, ಆತಂಕಗಳನ್ನು ತಗ್ಗಿಸಲು ವೈದ್ಯರೂ ಬಳಸುತ್ತಾರೆ. ಹಾಗಾದರೆ ಜಾದೂವಿಗೂ ವೈದ್ಯಕ್ಕೂ ನಡುವೆ ಗೆರೆ ಎಳೆದವರು ಯಾರು? ಇದನ್ನು ತಿಳಿಯಲು 18ನೆಯ ಶತಮಾನದ ಪ್ಯಾರಿಸ್ ನಗರಕ್ಕೆ ಹೋಗಬೇಕು.

1778ರಲ್ಲಿ ವಿಯೆನ್ನಾದಿಂದ ಅಲ್ಲಿಗೆ ಬಂದ ವೈದ್ಯ ಫ್ರಾಂಜ್ ಆಂಟನ್ ಮೆಸ್ಮರ್, ಜೀವಿಗಳಲ್ಲಿ ಕಣ್ಣಿಗೆ ಕಾಣದ ದ್ರವವೊಂದು ಹರಿಯುತ್ತದೆ, ಅದರ ಏರುಪೇರೇ ರೋಗ ಎಂದು ವಾದಿಸಿದ. ಕಬ್ಬಿಣದ ಸರಳುಗಳು ಚಾಚಿಕೊಂಡಿದ್ದ ಮರದ ತೊಟ್ಟಿಯ ಸುತ್ತ ರೋಗಿಗಳನ್ನು ಕೂರಿಸುತ್ತಿದ್ದ. ಕೆಲವರು ನಡುಗುತ್ತಿದ್ದರು, ಕೆಲವರು ಮೂರ್ಛೆ ಹೋಗುತ್ತಿದ್ದರು, ಗುಣವಾಯಿತೆನ್ನುವವರೂ ಇದ್ದರು.

1784ರಲ್ಲಿ ದೊರೆ ಹದಿನಾರನೆಯ ಲೂಯಿ ಇದರ ತನಿಖೆಗೆ ಮಂಡಳಿಯೊಂದನ್ನು ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಅದರಲ್ಲಿದ್ದರು. ಮೆಸ್ಮರನ ಶಿಷ್ಯ ದೆಸ್ಲೋನ್ ತೋಟದ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದ. ಬಳಿಕ 12 ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಮರದ ಬಳಿಗೆ ಕರೆದೊಯ್ದರು. ನಾಲ್ಕನೆಯ ಮರದ ಹತ್ತಿರ ಹುಡುಗ ಪ್ರಜ್ಞೆ ತಪ್ಪಿದ. ಆದರೆ ಶಕ್ತಿ ತುಂಬಿದ ಮರ ಅದಾಗಿರಲಿಲ್ಲ! ಅಂಥ ದ್ರವವಿದೆ ಎನ್ನಲು ಆಧಾರವಿಲ್ಲ, ಈ ಪರಿಣಾಮಗಳಿಗೆಲ್ಲ ಕಲ್ಪನೆಯೇ ಮುಖ್ಯ ಕಾರಣ ಎಂದು ಮಂಡಳಿ ತೀರ್ಮಾನಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಹುಡುಗ ಬಿದ್ದದ್ದು ನಿಜ. ಅದಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳು. ಚಿಕಿತ್ಸೆಯಿಂದ ಫಲ ಉಂಟೇ ಎಂಬುದು ಒಂದು ಪ್ರಶ್ನೆ. ಆ ಫಲ ಯಾವುದರಿಂದ ಬಂತು ಎಂಬುದು ಇನ್ನೊಂದು. ಮುಂದಿನ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆಯಿತು.

1841ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಇಂಥ ಪ್ರದರ್ಶನವೊಂದನ್ನು ಅನುಮಾನದಿಂದಲೇ ನೋಡಲು ಹೋದ. ಹೊಳೆಯುವ ವಸ್ತುವಿನ ಮೇಲೆ ದೃಷ್ಟಿ ನೆಟ್ಟರೆ ಸಾಕು, ಯಾವ ದ್ರವವೂ ಇಲ್ಲದೆ ಆ ಸ್ಥಿತಿ ಬರುತ್ತದೆಂದು ಕಂಡುಕೊಂಡ. ಗ್ರೀಕರ ನಿದ್ರಾದೇವತೆ ಹಿಪ್ನಾಸ್ ಹೆಸರಿನಿಂದ 'ಹಿಪ್ನಾಟಿಸಂ' ಎಂಬ ಪದವನ್ನು ಬಳಕೆಗೆ ತಂದವನು ಇವನೇ. ನಮ್ಮ ದೇಶಕ್ಕೂ ಈ ಕಥೆಯಲ್ಲಿ ಪಾಲುಂಟು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ವೈದ್ಯ ಜೇಮ್ಸ್ ಎಸ್ಡೇಲ್ ರೋಗಿಗಳನ್ನು ಸಮ್ಮೋಹನಕ್ಕೆ ಒಳಪಡಿಸಿ ಶಸ್ತ್ರಚಿಕಿತ್ಸೆ ಮಾಡತೊಡಗಿದ. ಆದರೆ 1846ರಲ್ಲಿ ಈಥರ್, ಮರುವರ್ಷ ಕ್ಲೋರೋಫಾರಂ ಬಂದವು. ಹೆಚ್ಚು ನಂಬಬಹುದಾದ ಈ ಅರಿವಳಿಕೆಗಳ ಮುಂದೆ ಸಮ್ಮೋಹನ ಹಿಂದೆ ಸರಿಯಿತು.

ಮನೋರೋಗಗಳ ಕ್ಷೇತ್ರದಲ್ಲಿ ಅದು ಉಳಿಯಿತು. ಪ್ಯಾರಿಸ್ಸಿನ ಶಾರ್ಕೋ ಬಳಿ ಕಲಿತ ಸಿಗ್ಮಂಡ್ ಫ್ರಾಯ್ಡ್ ಮೊದಲು ಅದನ್ನು ಬಳಸಿ, ಬಳಿಕ ಕೈಬಿಟ್ಟ. 1955ರಲ್ಲಿ ಬ್ರಿಟಿಷ್ ವೈದ್ಯ ಸಂಘವು ಅದಕ್ಕೆ ಚಿಕಿತ್ಸೆಯಲ್ಲಿ ಸ್ಥಾನವುಂಟೆಂದು ಒಪ್ಪಿತು.

ಇನ್ನು ಆಘಾತದ ವಿಷಯ. ಯುದ್ಧ, ಅಪಘಾತ, ಹಿಂಸೆಗಳನ್ನು ಕಂಡವರಲ್ಲಿ ಕೆಲವರಿಗೆ ಆ ದೃಶ್ಯ ಮತ್ತೆ ಮತ್ತೆ ಮರುಕಳಿಸುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಕಾಯಿಲೆಯನ್ನು ತಮ್ಮ ರೋಗಪಟ್ಟಿಗೆ ಸೇರಿಸಿದರು. 1987ರಲ್ಲಿ ಅಲ್ಲಿಯ ಮನೋವಿಜ್ಞಾನಿ ಫ್ರಾನ್ಸಿನ್ ಶಪಿರೋ ಉದ್ಯಾನದಲ್ಲಿ ನಡೆಯುವಾಗ, ಕಣ್ಣುಗಳು ಅತ್ತಿತ್ತ ಚಲಿಸಿದಂತೆ ಮನಸ್ಸನ್ನು ಕಾಡುವ ಯೋಚನೆಗಳ ತೀವ್ರತೆ ತಗ್ಗಿದ್ದನ್ನು ಗಮನಿಸಿದರು. ಇದರಿಂದ 'ಇಎಂಡಿಆರ್' ಚಿಕಿತ್ಸೆ ಬೆಳೆಯಿತು. ಇದು ಸಮ್ಮೋಹನವಲ್ಲ. ರೋಗಿ ಪೂರ್ಣ ಎಚ್ಚರದಲ್ಲಿದ್ದು, ಕಹಿ ನೆನಪನ್ನು ಮನಸ್ಸಿಗೆ ತಂದುಕೊಂಡು, ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾನೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಘಾತೋತ್ತರ ಕಾಯಿಲೆಗೆ ಇದನ್ನೂ ಬಳಸಬಹುದೆಂದು ಸೂಚಿಸಿತು.

ಆದರೂ ಎರಡನೆಯ ಪ್ರಶ್ನೆ ಮುಗಿದಿಲ್ಲ. ಗುಣವಾಗುವುದು ಕಣ್ಚಲನೆಯಿಂದಲೋ, ನೆನಪನ್ನು ಸುರಕ್ಷಿತವಾಗಿ ಎದುರಿಸಿದ್ದರಿಂದಲೋ? ಏಕಕಾಲಕ್ಕೆ ಎರಡು ಕೆಲಸ ಮಾಡುವ ಮನಸ್ಸಿನಲ್ಲಿ ನೆನಪಿನ ತೀವ್ರತೆ ಮಸುಕಾಗುತ್ತದೆ ಎಂಬುದು ಒಂದು ವಿವರಣೆ. ಬೆರಳನ್ನು ಬಿಟ್ಟೂ ಚಿಕಿತ್ಸೆ ಮಾಡಿ ನೋಡಿದ್ದಾರೆ. ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಇದು ಆ ಫ್ರೆಂಚ್ ತೋಟದ ಪರೀಕ್ಷೆಯ ಮುಂದುವರಿಕೆಯೇ ಅಲ್ಲವೇ?

ಈ ಇತಿಹಾಸ ನಿಮಗೆ ಉಪಯೋಗಕ್ಕೆ ಬರಬೇಕು. ಸಮ್ಮೋಹನದಲ್ಲಿ ಮೇಲೆದ್ದ ನೆನಪೆಲ್ಲ ಸತ್ಯವಲ್ಲ. ಸೂಚನೆಯಿಂದ ಸುಳ್ಳು ನೆನಪೂ ಹುಟ್ಟಬಹುದು. ಒಂದೇ ಸಲಕ್ಕೆ ಖಿನ್ನತೆ ಮಾಯ, ಪರೀಕ್ಷೆಯ ಭಯ ಮಾಯ ಎನ್ನುವ ಜಾಹೀರಾತು ಕಂಡರೆ ಕೇಳಿ: ಇದನ್ನು ಪರೀಕ್ಷಿಸಿದವರು ಯಾರು? ಹೇಳುವವರು ಪಡೆದ ತರಬೇತಿ ಏನು? ನಿಮಗೋ ಗೆಳೆಯರಿಗೋ ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಮುಚ್ಚಿಡಬೇಡಿ. ಮನೆಯವರಿಗೋ ಅಧ್ಯಾಪಕರಿಗೋ ಹೇಳಿ, ಮನೋವೈದ್ಯರನ್ನು ಕಾಣಿರಿ. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾತನಾಡಬಹುದು.