ಗೋಡೆ ಗಡಿಯಾರವೂ ನೈನಿತಾಲಿನ ಕ್ಯಾಮೆರಾವೂ

ದೆಹಲಿಯ ನಮ್ಮ ಬಳಗದವರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದು ರೂಢಿ. ಕಳೆದ ಚಳಿಗಾಲದ ಕೊನೆಯಲ್ಲಿ, ಮಂಜು ತೆಳುವಾಗಿದ್ದ ಒಂದು ಸಂಜೆ, ಓದು ಚರ್ಚೆಗಳನ್ನು ಬದಿಗಿಟ್ಟು ಮಕ್ಕಳೊಡನೆ ಮಾಳಿಗೆಯೇರಿದೆವು. ಗೆಳೆಯರೊಬ್ಬರು ಗಣಕ ಜೋಡಿಸಿದ ಹೊಸ ದೂರದರ್ಶಕವನ್ನು ಕೊಂಡಿದ್ದರು. ಊರು, ದಿನಾಂಕ, ವೇಳೆಗಳನ್ನು ತುಂಬಿ, ಲುಬ್ಧಕ ಮತ್ತು ಬ್ರಹ್ಮಹೃದಯ ಎಂಬ ಎರಡು ನಕ್ಷತ್ರಗಳನ್ನು ತೋರಿಸಿಕೊಟ್ಟರೆ ಸಾಕು, ಉಳಿದ ಆಕಾಶವನ್ನು ಅದೇ ಹುಡುಕಿಕೊಳ್ಳುತ್ತದೆ. ನಾವು ಸಂಜೆಯ ಪ್ರವಾಸದ ಪಟ್ಟಿಯನ್ನೂ ಸಿದ್ಧಪಡಿಸಿದ್ದೆವು: ಮೊದಲು ಕೃತ್ತಿಕೆ, ಬಳಿಕ ಮಹಾವ್ಯಾಧನ ನೀಹಾರಿಕೆ, ಕೊನೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ.

ಕೃತ್ತಿಕೆ ಬಂತು. ನೀಹಾರಿಕೆಯೂ ಬಂತು. ನಿಲ್ದಾಣ ಮಾತ್ರ ದೂರದರ್ಶಕಕ್ಕೆ ಸಿಕ್ಕಲಿಲ್ಲ. ಬರಿಗಣ್ಣಿಗೆ ಅದು ಥಳಥಳ ಹೊಳೆಯುತ್ತ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತಿದ್ದಾಗ ಯಂತ್ರವಿನ್ನೂ ದಿಗಂತದ ಸಮೀಪವನ್ನೇ ನೋಡುತ್ತಿತ್ತು. ನಿಲ್ದಾಣ ಮರೆಯಾದ ಮೇಲೂ ಅದು ಏನೂ ಇಲ್ಲದ ಆಕಾಶವನ್ನು ಬಲು ನಿಷ್ಠೆಯಿಂದ ಹಿಂಬಾಲಿಸಿತು. ಮಕ್ಕಳು ನಕ್ಕರು.

ತಪ್ಪು ನಮ್ಮದೇ. ವೇಳೆಯನ್ನು ಗೋಡೆ ಗಡಿಯಾರ ನೋಡಿ ತುಂಬಿದ್ದೆವು. ಅದು ಎರಡು ನಿಮಿಷ ಹಿಂದಿತ್ತು. ನಕ್ಷತ್ರಗಳಿಗೆ ಇದರಿಂದ ಬಾಧೆಯಿಲ್ಲ, ಏಕೆಂದರೆ ಎರಡು ನಕ್ಷತ್ರಗಳನ್ನು ತೋರಿಸಿದಾಗಲೇ ಆ ತಪ್ಪು ಲೆಕ್ಕದೊಳಗೆ ಸೇರಿ ಹೊಂದಿಕೊಂಡುಬಿಡುತ್ತದೆ. ಉಪಗ್ರಹಕ್ಕೆ ಆ ದಾಕ್ಷಿಣ್ಯವಿಲ್ಲ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ನಿಲ್ದಾಣ, ನೆತ್ತಿಯ ಮೇಲಿರುವಾಗ ಒಂದೇ ಸೆಕೆಂಡಿನಲ್ಲಿ ಎರಡು ಪೂರ್ಣಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರ ಸರಿದಿರುತ್ತದೆ. ದೂರದರ್ಶಕದ ಕಣ್ಣಿಗೆ ಕಾಣುವುದೇ ಹೆಚ್ಚುಕಡಿಮೆ ಅಷ್ಟಗಲ. ಎರಡು ನಿಮಿಷವೆಂದರೆ ಒಂಬೈನೂರು ಕಿಲೋಮೀಟರಿನ ತಪ್ಪು.

ಉಪಗ್ರಹವನ್ನು ನೋಡುವುದೆಂದರೆ ಮೂಲತಃ ಗಡಿಯಾರವನ್ನು ನೋಡುವುದು ಎಂಬ ಈ ಸಂಗತಿಯನ್ನು, ನಾವಿದ್ದ ಮಾಳಿಗೆಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ನೈನಿತಾಲಿನಲ್ಲಿ ಕೆಲವರು ಸುಮಾರು ಎರಡು ದಶಕಗಳ ಕಾಲ ದಿನನಿತ್ಯದ ಕಾಯಕವಾಗಿ ನಡೆಸಿದ್ದರು.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ ಅದನ್ನು ಹಿಡಿಯಬಲ್ಲ ದೊಡ್ಡ ಕ್ಯಾಮೆರಾಗಳಿನ್ನೂ ಸಿದ್ಧವಾಗಿರಲಿಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಖಗೋಳ ವೀಕ್ಷಣಾಲಯದ ಫ್ರೆಡ್ ವಿಪಲ್ ಅದಕ್ಕೆ ಮುಂಚೆಯೇ 'ಮೂನ್‌ವಾಚ್' ಎಂಬ ಹವ್ಯಾಸಿಗಳ ಪಡೆಯೊಂದನ್ನು ಕಟ್ಟಿದ್ದರು. ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು ಉತ್ತರ ದಕ್ಷಿಣವಾಗಿ ಸಾಲಾಗಿ ಕುಳಿತು, ಒಬ್ಬೊಬ್ಬರೂ ಪುಟ್ಟ ದೂರದರ್ಶಕದಲ್ಲಿ ಆಕಾಶದ ಒಂದೊಂದು ತುಣುಕನ್ನು ಕಾಯುತ್ತಿದ್ದರು. ಚುಕ್ಕೆ ಗೆರೆ ದಾಟಿದೊಡನೆ ಕೂಗಬೇಕು. ಆ ಕೂಗೂ ರೇಡಿಯೋದ ವೇಳೆಯ ಸಂಕೇತವೂ ಒಟ್ಟಿಗೆ ಧ್ವನಿಮುದ್ರಿತವಾಗುತ್ತಿದ್ದವು. ಬಯಲಾಟದ ಸರದಿಗೆ ಕಾದಂತೆ ರಾತ್ರಿಯಿಡೀ ಕಾದು, ಏನೂ ಕಾಣದೆ ಮನೆಗೆ ಮರಳಿದವರೇ ಹೆಚ್ಚು.

ಆಮೇಲೆ ಬಂದದ್ದು ಬೇಕರ್-ನನ್ ಕ್ಯಾಮೆರಾ. ಜೇಮ್ಸ್ ಬೇಕರ್ ಅದರ ದರ್ಪಣ ಮಸೂರಗಳನ್ನೂ ಜೋಸೆಫ್ ನನ್ ಅದರ ಯಂತ್ರಭಾಗವನ್ನೂ ರೂಪಿಸಿದರು. 79 ಸೆಂಟಿಮೀಟರ್ ಕನ್ನಡಿಯ, ಟನ್ನುಗಟ್ಟಲೆ ತೂಕದ ಈ ಯಂತ್ರಗಳನ್ನು ಪ್ರಪಂಚದ ಹನ್ನೆರಡು ಕಡೆ ನಿಲ್ಲಿಸಲಾಯಿತು: ಪೆರುವಿನ ಅರೆಕ್ವಿಪಾ, ಇರಾನಿನ ಶಿರಾಜ್, ಆಸ್ಟ್ರೇಲಿಯದ ವೂಮೆರಾ ಮುಂತಾದವು, ಭಾರತದಲ್ಲಿ ನೈನಿತಾಲ್. ಅಲ್ಲಿನ ವೀಕ್ಷಣಾಲಯದ ಹೊಣೆ ಆಗ ವೇಣು ಬಾಪು ಅವರದು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ತಂದೆ ಕೆಲಸ ಮಾಡುತ್ತಿದ್ದುದರಿಂದ ದೂರದರ್ಶಕಗಳ ನೆರಳಲ್ಲೇ ಬೆಳೆದವರು ಅವರು. ಹೈದರಾಬಾದಿನ ನಮ್ಮ ಓದುಗರಿಗೆ ಇದು ತಿಳಿದದ್ದೇ.

ಕೆಲಸದ ಕ್ರಮ ಹೀಗಿತ್ತು. ಯಾವ ಉಪಗ್ರಹ, ಯಾವ ಕ್ಷಣ, ಯಾವ ದಿಕ್ಕು ಎಂಬ ಮುನ್ಸೂಚನೆ ಅಮೆರಿಕದ ಕೇಂಬ್ರಿಜ್‌ನಿಂದ ಬರುತ್ತಿತ್ತು. ಲೆಕ್ಕ ಹಾಕುವ ಗಣಕ ಅಲ್ಲಿತ್ತು, ಆಕಾಶ ಇಲ್ಲಿತ್ತು, ನಡುವೆ ಅರ್ಧ ಭೂಮಂಡಲ. ಇಲ್ಲಿನವರು ಕ್ಯಾಮೆರಾವನ್ನು ಉಪಗ್ರಹದ ಹಾದಿಗೆ ಹೊಂದಿಸಿ ಫಿಲ್ಮಿನ ಪಟ್ಟಿಯ ಮೇಲೆ ಅದನ್ನು ಹಿಡಿಯುತ್ತಿದ್ದರು. ಅದೇ ಫಿಲ್ಮಿನಲ್ಲಿ ಸ್ಫಟಿಕ ಗಡಿಯಾರದ ವೇಳೆಯೂ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಅಚ್ಚಾಗುತ್ತಿತ್ತು. ಸುತ್ತಲ ನಕ್ಷತ್ರಗಳಿಗೆ ಹೋಲಿಸಿ ಉಪಗ್ರಹದ ಸ್ಥಾನವನ್ನು ಅಳೆಯುವುದು, ಆ ಅಳತೆಯಿಂದ ಕೇಂಬ್ರಿಜ್‌ನವರು ಲೆಕ್ಕವನ್ನು ತಿದ್ದುವುದು, ತಿದ್ದಿದ ಮುನ್ಸೂಚನೆ ಮತ್ತೆ ಬೆಟ್ಟಕ್ಕೆ ಬರುವುದು. 1976ರಲ್ಲಿ ಈ ಕೆಲಸ ನಿಲ್ಲುವ ಹೊತ್ತಿಗೆ ನೈನಿತಾಲಿನ ಕ್ಯಾಮೆರಾ 45,000ಕ್ಕೂ ಹೆಚ್ಚು ಉಪಗ್ರಹ ಸಂಚಾರಗಳನ್ನು ಸೆರೆಹಿಡಿದಿತ್ತು. ಹಿಮಾಲಯದ ಚಳಿಯಲ್ಲಿ, ಹಗಲು ಮಲಗಿ ರಾತ್ರಿ ದುಡಿದವರ ಲೆಕ್ಕವಿದು.

ಮುನ್ಸೂಚನೆ ತಪ್ಪಿದಾಗಲೇ ಹೆಚ್ಚಿನದು ಸಿಕ್ಕಿತೆಂಬುದು ಈ ಕಥೆಯ ರಸವತ್ತಾದ ಭಾಗ. ಉಪಗ್ರಹ ಹೇಳಿದ ಹೊತ್ತಿಗೆ ಬಾರದಿದ್ದರೆ ಅದನ್ನು ಏನೋ ತಡೆಯುತ್ತಿದೆ, ಇಲ್ಲವೇ ಎಳೆಯುತ್ತಿದೆ ಎಂದರ್ಥ. ಇಂಥ ವ್ಯತ್ಯಾಸಗಳನ್ನು ಬೆನ್ನುಹತ್ತಿ ಲುಯಿಜಿ ಯಾಕಿಯಾ, ಸೂರ್ಯನ ಚಟುವಟಿಕೆ ಏರಿದಾಗ ಮೇಲ್ವಾಯುಮಂಡಲ ಉಬ್ಬಿ ಉಪಗ್ರಹಗಳನ್ನು ಹೆಚ್ಚು ತಡೆಯುತ್ತದೆಂದು ತೋರಿಸಿದರು. ಚಕ್ಕೋತದಷ್ಟೇ ಗಾತ್ರದ ವ್ಯಾನ್‌ಗಾರ್ಡ್-1ರ ಹಾದಿಯಿಂದ, ಭೂಮಿ ಅಚ್ಚುಕಟ್ಟಾದ ಚಪ್ಪಟೆ ಗೋಳವಲ್ಲ, ತುಸು ಪೇರಲೆ ಹಣ್ಣಿನ ಆಕಾರದ್ದು ಎಂದು ತಿಳಿಯಿತು. ಹನ್ನೆರಡು ಕ್ಯಾಮೆರಾಗಳ ಅಳತೆಗಳಿಂದ ಭೂಮಿಯ ಗುರುತ್ವದ ನಕ್ಷೆಯೇ 1966ರಲ್ಲಿ ಹೊರಬಂತು. ಅದರಲ್ಲಿ ನೈನಿತಾಲಿನ ಫಿಲ್ಮುಗಳ ಪಾಲೂ ಇದೆ.

ಇಂದಿನ ನಮ್ಮ ಯಂತ್ರದ ಗಣಕಕ್ಕೆ ಬೇಕಾದದ್ದು ಒಂದೊಂದೂ 69 ಅಕ್ಷರಗಳ ಎರಡೇ ಸಾಲು. ಉಪಗ್ರಹದ ಕಕ್ಷೆಯೆಲ್ಲ ಅದರಲ್ಲಡಗಿದೆ. ರಂಧ್ರಪತ್ರಗಳ ಕಾಲದ ಜಿಪುಣತನ ಅದರಲ್ಲಿನ್ನೂ ಉಳಿದಿದೆ. ಆ ಸಾಲುಗಳೂ ಹಾಲಿನಂತೆ ಕೆಡುತ್ತವೆ, ಕೆಲವು ದಿನಗಳಿಗೊಮ್ಮೆ ಹೊಸದಾಗಿ ತರಿಸಿಕೊಳ್ಳಬೇಕು. ಆದರೆ ನಾವು ತರಿಸಿಕೊಳ್ಳುವವರೇ ಹೊರತು ಹಿಂತಿರುಗಿ ಏನನ್ನೂ ಕೊಡುವವರಲ್ಲ. ನೈನಿತಾಲಿಗೂ ನಮ್ಮ ಮಾಳಿಗೆಗೂ ಇರುವ ನಿಜವಾದ ಅಂತರ ಯಂತ್ರದ ಸಾಮರ್ಥ್ಯದಲ್ಲಿಲ್ಲ, ಇಲ್ಲಿದೆ ಎಂದು ನಮಗೆ ತೋರುತ್ತದೆ. ಕಾಯುವ ಕೆಲಸವನ್ನು ಈಗ ರಾಡಾರುಗಳು ವಹಿಸಿಕೊಂಡಿವೆ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ರೂಪುಗೊಂಡ ಬೆಂಗಳೂರಿನ ಪೀಣ್ಯದಲ್ಲಿಯೇ, ಉಪಗ್ರಹಗಳೂ ಅವುಗಳ ಚೂರುಗಳೂ ಡಿಕ್ಕಿಯಾಗದಂತೆ ಕಣ್ಣಿಡುವ ಇಸ್ರೋದ 'ನೇತ್ರ' ಕೇಂದ್ರ 2020ರಲ್ಲಿ ಆರಂಭವಾಯಿತು. ಇಷ್ಟಾದರೂ ಬೈನಾಕ್ಯುಲರ್ ಮತ್ತು ನಿಲುಗಡಿಯಾರ ಹಿಡಿದು, ಪ್ರಕಟವಾಗದ ಉಪಗ್ರಹಗಳ ಹಾದಿಯನ್ನು ಅಳೆದು ಹಂಚಿಕೊಳ್ಳುವ ಹವ್ಯಾಸಿಗಳು ಇಂದಿಗೂ ಅಲ್ಲಲ್ಲಿದ್ದಾರೆ.

ಮುಂದಿನ ತಿಂಗಳು ನಾವು ಮೊಬೈಲಿನ ವೇಳೆಯನ್ನು ತುಂಬಿದೆವು. ನಿಲ್ದಾಣ ಸಿಕ್ಕಿತು: ಹೊಂಬಣ್ಣದ ರೆಕ್ಕೆಗಳ ಪುಟ್ಟ ಆಕೃತಿಯೊಂದು ಅಲುಗಾಡುತ್ತ ಕೆಲವು ಕ್ಷಣ ನಿಂತು ಹೊರಟುಹೋಯಿತು. ಹಿಂದಿನ ಸಲ ನಕ್ಕಿದ್ದ ಹುಡುಗಿಯೊಬ್ಬಳು ದೂರದರ್ಶಕದ ಬಳಿಗೆ ಬರಲಿಲ್ಲ. ಮೂಲೆಯಲ್ಲಿ ನಿಂತು, ಆ ಚುಕ್ಕೆ ಲುಬ್ಧಕನ ಪಕ್ಕ ಹಾಯುವ ಕ್ಷಣವನ್ನು ನಿಲುಗಡಿಯಾರದಲ್ಲಿ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ಪುಟದಲ್ಲಿ ಈಗ ಹನ್ನೊಂದು ಸಾಲುಗಳಿವೆ.