ಪತಿ ಸೇನಾ ಕರ್ತವ್ಯದಲ್ಲಿರುವಾಗ ಹೆರಿಗೆಗೆ ಪೂರ್ವಸಿದ್ಧತೆ

ಸಶಸ್ತ್ರ ಪಡೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ಯೋಧರ ಪತ್ನಿಯರಲ್ಲಿ ಅನೇಕರು ಗರ್ಭಾವಸ್ಥೆಯ ಬಹುಭಾಗವನ್ನು, ಹಲವು ವೇಳೆ ಹೆರಿಗೆಯನ್ನೂ, ಪತಿಯ ಅನುಪಸ್ಥಿತಿಯಲ್ಲಿಯೇ ಎದುರಿಸಬೇಕಾಗುತ್ತದೆ. ಸೇನೆಯಲ್ಲಿ ನೇಮಕದ ಸ್ಥಳಗಳನ್ನು ಶಾಂತಿ ಪ್ರದೇಶ ಮತ್ತು ಕ್ಷೇತ್ರ ಪ್ರದೇಶ ಎಂದು ವಿಂಗಡಿಸಲಾಗಿದ್ದು, ಕ್ಷೇತ್ರ ಪ್ರದೇಶದಲ್ಲಿರುವ ಯೋಧನು ಸಾಮಾನ್ಯವಾಗಿ ಕುಟುಂಬವನ್ನು ಜೊತೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಸಿಯಾಚಿನ್ ಹಾಗೂ ಪೂರ್ವ ಲಡಾಖ್‌ನ ಮುಂಚೂಣಿ ಠಾಣೆಗಳಿಂದ ಮನೆಗೆ ದೂರವಾಣಿ ಮಾಡಲು ದಿನಗಟ್ಟಲೆ ಸಾಧ್ಯವಾಗದಿರಬಹುದು. ಸಮುದ್ರಯಾನದಲ್ಲಿರುವ ನಾವಿಕರ, ಅದರಲ್ಲಿಯೂ ಜಲಾಂತರ್ಗಾಮಿಗಳಲ್ಲಿರುವವರ ಸ್ಥಿತಿಯೂ ಇದೇ ಆಗಿರುತ್ತದೆ. ಸೇನೆಗೆ ಸೇರುವ ಪರಂಪರೆ ತಲೆಮಾರುಗಳಿಂದ ನಡೆದುಬಂದಿರುವ ಕೊಡಗು, ಬೆಳಗಾವಿ ಮೊದಲಾದ ಜಿಲ್ಲೆಗಳ ಮನೆಗಳಿಗೆ ಇದು ಹೊಸದಲ್ಲ. ಆದರೂ ಹೆರಿಗೆ ಕೊಠಡಿಯ ಬಾಗಿಲಲ್ಲಿ ಉಂಟಾಗುವ ಗೊಂದಲಗಳಲ್ಲಿ ಹಲವು ವೈದ್ಯಕೀಯ ಕಾರಣದವಲ್ಲ. ಯಾರ ಸಹಿ, ಯಾವ ಕಾರ್ಡು, ಯಾವ ಖಾತೆಯ ಹಣ ಎಂಬಂತಹವು. ಆದುದರಿಂದ ಆ ದಿನದ ಯಾವ ಕಾರ್ಯವೂ ಪತಿಯ ಹಾಜರಾತಿಯನ್ನಾಗಲಿ ಸಹಿಯನ್ನಾಗಲಿ ಅವಲಂಬಿಸದಂತೆ ಮುಂಚಿತವಾಗಿ ವ್ಯವಸ್ಥೆ ಮಾಡಿಕೊಳ್ಳುವುದು ಅವಶ್ಯಕ.

ರಜೆಯ ವಿಚಾರ

ಭೂಸೇನೆಯ ಯೋಧರಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಹಾಗೂ ಪ್ರತ್ಯೇಕವಾಗಿ ಸಾಂದರ್ಭಿಕ ರಜೆ ಇರುತ್ತದೆ. ಆದರೆ ರಜೆಯು ಕರ್ತವ್ಯದ ಅಗತ್ಯಕ್ಕೆ ಒಳಪಟ್ಟಿರುತ್ತದೆ. 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ಹಾಗೂ 2001-02ರ ಗಡಿ ಜಮಾವಣೆಯ ಸಮಯದಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದವರನ್ನೂ ಹಿಂದಕ್ಕೆ ಕರೆಸಿಕೊಳ್ಳಲಾಗಿತ್ತು. ಆದುದರಿಂದ ಮಂಜೂರಾದ ರಜೆಯನ್ನು ಸಹ ಖಚಿತವೆಂದು ಭಾವಿಸಿ ಉಳಿದ ಏರ್ಪಾಡುಗಳನ್ನು ಕೈಬಿಡಬಾರದು.

ಹೆರಿಗೆಯ ನಿರೀಕ್ಷಿತ ದಿನಾಂಕವನ್ನು ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು 7 ದಿನ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಅದೇ ದಿನ ಜನಿಸುವ ಶಿಶುಗಳು ಕೆಲವೇ. 37ನೇ ವಾರದಿಂದ 42ನೇ ವಾರದವರೆಗಿನ ಯಾವುದೇ ದಿನ ಹೆರಿಗೆಯಾಗಬಹುದು. ನಿರೀಕ್ಷಿತ ದಿನವನ್ನೇ ನಡುವಿಟ್ಟುಕೊಂಡು ಹತ್ತು ಹನ್ನೆರಡು ದಿನಗಳ ರಜೆ ಪಡೆದು ಬಂದ ಯೋಧನು ಮಗುವಿನ ಮುಖ ನೋಡದೆ ಹಿಂದಿರುಗಿದ ಪ್ರಸಂಗಗಳು ಸೈನಿಕ ಕುಟುಂಬಗಳಲ್ಲಿ ಅಪರೂಪವಲ್ಲ. ಗರ್ಭಾವಸ್ಥೆಯು ತೊಡಕಿಲ್ಲದೆ ಸಾಗಿದ್ದು, ಮನೆಯಲ್ಲಿ ನಂಬಿಕೆಯ ಹಿರಿಯರಿದ್ದಲ್ಲಿ, ಸುದೀರ್ಘ ರಜೆಯನ್ನು ಹೆರಿಗೆಯಾದ ನಂತರಕ್ಕೆ ಕಾಯ್ದಿರಿಸುವುದೇ ಹೆಚ್ಚು ಪ್ರಯೋಜನಕಾರಿ. ರಕ್ತದೊತ್ತಡ, ಅವಳಿ ಗರ್ಭ, ಹಿಂದಿನ ಶಸ್ತ್ರಚಿಕಿತ್ಸೆಯಂತಹ ತೊಡಕುಗಳಿದ್ದಲ್ಲಿ ಈ ಮಾತು ಅನ್ವಯಿಸದು. ಅಂತಹ ಸಂದರ್ಭದಲ್ಲಿ ವೈದ್ಯರ ಲಿಖಿತ ಅಭಿಪ್ರಾಯವನ್ನು ಮುಂಚಿತವಾಗಿಯೇ ಘಟಕಕ್ಕೆ ಕಳುಹಿಸತಕ್ಕದ್ದು.

ಹೆರಿಗೆಯ ಸ್ಥಳ

ಸೇವೆಯಲ್ಲಿರುವ ಯೋಧನ ಪತ್ನಿಯು ಸೇನಾ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸಿಕೊಳ್ಳಲು ಅರ್ಹಳು. ಕರ್ನಾಟಕದಲ್ಲಿ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆ, ಬೆಳಗಾವಿಯ ಸೇನಾ ಆಸ್ಪತ್ರೆ ಮತ್ತು ಕಾರವಾರದ ನೌಕಾ ಆಸ್ಪತ್ರೆ ‘ಪತಂಜಲಿ’ ಇಂತಹ ಸಂಸ್ಥೆಗಳು. ಆದರೆ ಚೊಚ್ಚಲ ಹೆರಿಗೆಯು ತವರುಮನೆಯಲ್ಲಿ ನಡೆಯುವುದು ನಮ್ಮ ನಾಡಿನಲ್ಲಿ ರೂಢಿಯಾಗಿದ್ದು, ತವರೂರು ಈ ಆಸ್ಪತ್ರೆಗಳಿಂದ ನೂರಾರು ಕಿಲೋಮೀಟರ್ ದೂರವಿರಬಹುದು. ಅಂತಹವರಿಗೆ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಸರ್ಕಾರಿ ಆಸ್ಪತ್ರೆಯೇ ಸೂಕ್ತ. 2011ರ ಜೂನ್ 1ರಂದು ಆರಂಭಗೊಂಡ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಸಂಸ್ಥೆಗಳಲ್ಲಿ ಹೆರಿಗೆ, ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ ಹಾಗೂ ವಾಹನ ಸೌಲಭ್ಯ ಉಚಿತವಾಗಿದ್ದು, ಇದಕ್ಕೆ ಆದಾಯದ ಮಿತಿ ಇರುವುದಿಲ್ಲ. ಸೈನಿಕನ ಪತ್ನಿಯೆಂಬ ಕಾರಣದಿಂದ ಈ ಸೌಲಭ್ಯವು ತಪ್ಪುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸುವುದು ಅಗತ್ಯ. ತಂದೆ ಅಥವಾ ಮಾವ ನಿವೃತ್ತ ಸೈನಿಕರಾಗಿರುವ ಮನೆಗಳಲ್ಲಿ, ಅವರ ಇಸಿಎಚ್‌ಎಸ್ ಕಾರ್ಡಿನ ಮೇಲೆ ಹೆರಿಗೆ ಮಾಡಿಸಬಹುದೆಂಬ ನಂಬಿಕೆಯಿದೆ. 2003ರಲ್ಲಿ ಜಾರಿಗೆ ಬಂದ ಆ ಯೋಜನೆಯು ನಿವೃತ್ತರಿಗೆ ಮತ್ತು ಅವರ ಅವಲಂಬಿತರಿಗೆ ಮೀಸಲಾಗಿದ್ದು, ವಿವಾಹಿತ ಮಗಳಾಗಲಿ ಸೊಸೆಯಾಗಲಿ ಅವಲಂಬಿತರ ಪಟ್ಟಿಯಲ್ಲಿ ಬರುವುದಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲು ಕೈಗೆ ಬಂದ ಮೇಲೆ ಇದು ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಒಳ್ಳೆಯದು.

ತವರಿಗೆ ತೆರಳುವಾಗ ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳು ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಕಡ್ಡಾಯವಾಗಿ ಜೊತೆಯಲ್ಲಿ ಒಯ್ಯತಕ್ಕದ್ದು. ಸೇನಾ ನೆಲೆಯಲ್ಲಿ ತಪಾಸಣೆ ಮಾಡಿಸಿಕೊಂಡು ಊರಿನಲ್ಲಿ ಹೆರಿಗೆಗೆ ಬಂದವರ ಹಿಂದಿನ ವಿವರ ವೈದ್ಯರಿಗೆ ದೊರೆಯುವುದು ಈ ಕಾಗದಗಳಿಂದ ಮಾತ್ರ. ತವರಿಗೆ ಬಂದ ಕೂಡಲೇ ಅಲ್ಲಿನ ಆಶಾ ಕಾರ್ಯಕರ್ತೆಯಲ್ಲಿ ಹೆಸರು ನೋಂದಾಯಿಸುವುದು, ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ವಿಶೇಷ ತಪಾಸಣೆಗೆ ಹಾಜರಾಗುವುದು ಉತ್ತಮ. ಗರ್ಭಾವಸ್ಥೆಯಲ್ಲಿ ಕನಿಷ್ಠ 4 ತಪಾಸಣೆಗಳು ಆಗಿರಬೇಕು.

ಪತಿಯ ಸಹಿ ಬೇಕೆ?

ಶಸ್ತ್ರಚಿಕಿತ್ಸೆಗೆ ಪತಿಯ ಸಹಿ ಬೇಕೇ ಬೇಕು ಎಂಬ ಭಾವನೆ ಗ್ರಾಮಾಂತರದಲ್ಲಿ ಮಾತ್ರವಲ್ಲ, ನಗರಗಳಲ್ಲಿಯೂ ಬೇರೂರಿದೆ. ಕಾನೂನಿನ ಸ್ಥಿತಿ ಹೀಗಿಲ್ಲ. ವಯಸ್ಕಳೂ ಪ್ರಜ್ಞೆಯುಳ್ಳವಳೂ ಆದ ಮಹಿಳೆಯ ಚಿಕಿತ್ಸೆಗೆ ಆಕೆಯ ಸ್ವಂತ ಸಮ್ಮತಿಯೇ ಆಧಾರ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ರೋಗಿಯು ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯಿಂದ ಪಡೆದ ಸಮ್ಮತಿಯು ಆಕೆಯ ಸಮ್ಮತಿಗೆ ಬದಲಿಯಾಗಲಾರದು ಎಂದು ಹೇಳಿತು. ಪ್ರಾಣಾಪಾಯದ ತುರ್ತು ಸ್ಥಿತಿಯಲ್ಲಿ ಸಮ್ಮತಿಗಾಗಿ ಕಾಯದೆ ವೈದ್ಯರು ಮುಂದುವರಿಯಬಹುದೆಂಬುದನ್ನೂ ಅದೇ ತೀರ್ಪು ಮಾನ್ಯ ಮಾಡಿದೆ. ಹೀಗಿರುವಾಗ ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಪತಿಯು ದೂರವಾಣಿಯಲ್ಲಿ ಸಿಗುವವರೆಗೆ ಸಿಸೇರಿಯನ್ ತಡೆಹಿಡಿಯುವ ಪ್ರಮೇಯವೇ ಇಲ್ಲ.

ಆದಾಗ್ಯೂ ರೂಢಿಯಲ್ಲಿ ಆಸ್ಪತ್ರೆಗಳು ಸಂಬಂಧಿಕರೊಬ್ಬರ ಸಹಿಯನ್ನು ಸಾಕ್ಷಿಯಾಗಿ, ಜವಾಬ್ದಾರಿಯ ಗುರುತಾಗಿ ಕೇಳುತ್ತವೆ. ಇದರ ಬಗ್ಗೆ ಆ ಹೊತ್ತಿನಲ್ಲಿ ವಾದಿಸುವುದಕ್ಕಿಂತ, 8ನೇ ತಿಂಗಳ ತಪಾಸಣೆಯ ವೇಳೆಯಲ್ಲಿಯೇ ವೈದ್ಯರಿಗೆ ಪತಿಯ ಅನುಪಸ್ಥಿತಿಯನ್ನು ತಿಳಿಸಿ, ಜೊತೆಗಿರುವವರು ಯಾರೆಂದು ಕಡತದಲ್ಲಿ ಬರೆಸುವುದು ವಿವೇಕದ ಕ್ರಮ. ಜೊತೆಗಿರುವವರು ಒಬ್ಬರಲ್ಲ, ಇಬ್ಬರಿರಬೇಕು. ಬಾಣಂತನದಲ್ಲಿ ನುರಿತ ತಾಯಿ ಅಥವಾ ಅತ್ತೆ ಒಬ್ಬರಾದರೆ, ರಾತ್ರಿ ವೇಳೆ ವಾಹನ, ಔಷಧಿ, ರಕ್ತಕ್ಕೆ ಓಡಾಡಬಲ್ಲವರು ಇನ್ನೊಬ್ಬರು.

ರಕ್ತದ ಗುಂಪು

ಗರ್ಭಿಣಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದಲ್ಲಿ ಪತಿಯ ಗುಂಪನ್ನು ತಿಳಿಯುವುದು ಮುಖ್ಯವಾಗುತ್ತದೆ. ಪತಿಯು ಪಾಸಿಟಿವ್ ಆಗಿದ್ದರೆ ಮಗುವೂ ಪಾಸಿಟಿವ್ ಆಗಿರಬಹುದು; ಆಗ ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಕೊಡದಿದ್ದಲ್ಲಿ ಮುಂದಿನ ಮಗುವಿಗೆ ಅಪಾಯವುಂಟು. ಸಾಮಾನ್ಯ ಕುಟುಂಬಗಳಲ್ಲಿ ಪತಿಯನ್ನು ಪ್ರಯೋಗಾಲಯಕ್ಕೆ ಕರೆದೊಯ್ಯಬೇಕಾಗುತ್ತದೆ. ಸೈನಿಕರ ವಿಷಯದಲ್ಲಿ ರಕ್ತದ ಗುಂಪು ಸೇವಾ ದಾಖಲೆಯಲ್ಲಿಯೇ ಇರುವುದರಿಂದ ಒಂದು ದೂರವಾಣಿ ಕರೆ ಅಥವಾ ಪತ್ರದಿಂದ ತಿಳಿಯಬಹುದಾಗಿದೆ. ಇದನ್ನು ತಾಯಿ ಕಾರ್ಡಿನಲ್ಲಿ ಬರೆಸಿಡತಕ್ಕದ್ದು. ರಕ್ತಹೀನತೆ ತಡೆಯಲು ಗರ್ಭಾವಸ್ಥೆಯಲ್ಲಿ 180 ದಿನ ಹಾಗೂ ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು.

ದಾಖಲೆಗಳಲ್ಲಿ ಹೆಸರು

ಸೈನಿಕ ಕುಟುಂಬಗಳಿಗೆ ಅತಿ ಹೆಚ್ಚು ತೊಂದರೆ ಕೊಡುವ ವಿಷಯ ಇದು. ವಿವಾಹವಾದ ನಂತರ ಯೋಧನು ವಿವಾಹ ಪ್ರಮಾಣ ಪತ್ರದೊಂದಿಗೆ ಘಟಕಕ್ಕೆ ಅರ್ಜಿ ಸಲ್ಲಿಸಿ, ‘ಭಾಗ 2 ಆದೇಶ’ದ ಮೂಲಕ ಪತ್ನಿಯ ಹೆಸರನ್ನು ತನ್ನ ಸೇವಾ ದಾಖಲೆಗೆ ಸೇರಿಸಬೇಕು. ಈ ಆದೇಶವಾಗದೆ ಅವಲಂಬಿತರ ಕಾರ್ಡ್ ದೊರೆಯುವುದಿಲ್ಲ. ಕಾರ್ಡ್ ಇಲ್ಲದೆ ಸೇನಾ ಆಸ್ಪತ್ರೆಯಲ್ಲಿ ತೊಡಕಾಗುತ್ತದೆ. ಮದುವೆಯಾದ ವರ್ಷದಲ್ಲಿಯೇ ಗರ್ಭ ಧರಿಸಿದವರಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿರುವ ಸಂಭವ ಹೆಚ್ಚಾದುದರಿಂದ, ಗರ್ಭ ಖಚಿತವಾದ ತಿಂಗಳಿನಲ್ಲಿಯೇ ವಿಚಾರಿಸತಕ್ಕದ್ದು.

ಎರಡನೆಯ ತೊಡಕು ಕನ್ನಡನಾಡಿನ ಹೆಸರುಗಳದ್ದೇ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲುಗಳಾಗಿ ಮುಂದೆಯೋ ಹಿಂದೆಯೋ ಬರುತ್ತವೆ. ಆಧಾರ್‌ನಲ್ಲಿ ಅದು ಬಿಡಿಸಿ ಬರೆದಿರುತ್ತದೆ, ಶಾಲಾ ದಾಖಲೆಯಲ್ಲಿ ಒಂದಕ್ಷರವಾಗಿರುತ್ತದೆ. ಮದುವೆಯ ನಂತರ ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು ಬರುವುದೂ ಉಂಟು. ಸೇನೆಯ ದಾಖಲೆ ಕಚೇರಿಗೆ ಇವು ಬೇರೆ ಬೇರೆ ವ್ಯಕ್ತಿಗಳ ಹೆಸರುಗಳಂತೆ ಕಾಣುತ್ತವೆ. ಆಸ್ಪತ್ರೆಯಲ್ಲಿ ದಾಖಲಾಗುವಾಗ ತಾಯಿ ಮತ್ತು ತಂದೆಯ ಹೆಸರನ್ನು ಸೇವಾ ದಾಖಲೆಯಲ್ಲಿರುವಂತೆಯೇ, ಅಕ್ಷರ ಬಿಡದೆ, ಬರೆಸಬೇಕು. ಆಸ್ಪತ್ರೆಯ ನಮೂದಿನಿಂದಲೇ ಜನನ ಪ್ರಮಾಣ ಪತ್ರ ತಯಾರಾಗುವುದರಿಂದ, ಅವಸರದಲ್ಲಿ ಬಾಯಿಮಾತಿನಲ್ಲಿ ಹೇಳಿದ ಮನೆಯ ಹೆಸರು ಮುಂದೆ ಪಿಂಚಣಿಯವರೆಗೂ ಬೆನ್ನುಹತ್ತಬಲ್ಲದು.

ಹಣದ ವಿಷಯದಲ್ಲಿ, ಇಬ್ಬರಲ್ಲಿ ಯಾರಾದರೊಬ್ಬರು ನಿರ್ವಹಿಸಬಹುದಾದ ಜಂಟಿ ಖಾತೆಯೊಂದಿದ್ದರೆ ಸಾಕು.

ಸುದ್ದಿ ಮುಟ್ಟಿಸುವುದು

ಪತಿಯ ಸೇನಾ ಸಂಖ್ಯೆ, ದರ್ಜೆ, ಪೂರ್ಣ ಹೆಸರು, ಘಟಕದ ಹೆಸರು ಹಾಗೂ ‘56 ಎಪಿಒ’ ಅಥವಾ ‘99 ಎಪಿಒ’ ಎಂದಿರುವ ಅಂಚೆ ವಿಳಾಸವನ್ನು ಒಂದು ಹಾಳೆಯಲ್ಲಿ ಬರೆದು, ಜೊತೆಗಿರುವ ಇಬ್ಬರಿಗೂ ಕೊಟ್ಟಿರಬೇಕು. ಮೊಬೈಲ್ ಸಂಪರ್ಕ ದೊರೆಯದಿದ್ದಾಗ ಘಟಕದ ಮೂಲಕ ಸುದ್ದಿ ತಲುಪಿಸಲು ಈ ವಿವರಗಳು ಬೇಕಾಗುತ್ತವೆ. ಹಿಂದೆ ಇಂತಹ ಸುದ್ದಿಗೆ ತಂತಿಯೇ ಗತಿಯಾಗಿತ್ತು. ಆ ಸೇವೆ 2013ರ ಜುಲೈನಲ್ಲಿ ನಿಂತಿತು. ತಾಯಿ ಅಥವಾ ಮಗುವಿನ ಸ್ಥಿತಿ ಗಂಭೀರವಾಗಿದ್ದಲ್ಲಿ ವೈದ್ಯರ ಪ್ರಮಾಣ ಪತ್ರವನ್ನು ಕಳುಹಿಸುವುದು ತುರ್ತು ರಜೆಗೆ ಸಹಾಯಕ. ಘಟಕವನ್ನು ಸಂಪರ್ಕಿಸಲು ತಿಳಿಯದವರು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ನೆರವು ಪಡೆಯಬಹುದಾಗಿದೆ. ಪತಿಯು ಇರುವ ಠಾಣೆಯ ಹೆಸರನ್ನು ಸಾಮಾಜಿಕ ಜಾಲತಾಣಗಳ ಶುಭಾಶಯಗಳಲ್ಲಿ ಬರೆಯಬಾರದು.

ತಡಮಾಡಬಾರದ ಲಕ್ಷಣಗಳು

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಹಾಗೂ ಕೈ ಊದಿಕೊಳ್ಳುವುದು, ಫಿಟ್ಸ್, ಜ್ವರ, ನೀರು ಒಡೆಯುವುದು, ಮಗುವಿನ ಚಲನೆ ಕಡಿಮೆಯಾಗುವುದು — ಇವುಗಳಲ್ಲಿ ಯಾವುದು ಕಂಡುಬಂದರೂ ಯಾರ ಅನುಮತಿಗೂ ಕಾಯದೆ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ತೆರಳಬೇಕು. ‘ಅವರಿಗೆ ಒಂದು ಮಾತು ಕೇಳಿ ಹೋಗೋಣ’ ಎಂದು ಕಾಯುವ ಒಂದೆರಡು ಗಂಟೆಗಳು ರಕ್ತಸ್ರಾವದ ಸಂದರ್ಭದಲ್ಲಿ ಪ್ರಾಣಕ್ಕೆ ಎರವಾಗಬಹುದು. ಈ ಮಾತನ್ನು ಪತಿಯೇ ಹೊರಡುವ ಮುನ್ನ ಮನೆಯ ಹಿರಿಯರ ಮುಂದೆ ಹೇಳಿಹೋಗುವುದು ಅತ್ಯಂತ ಪರಿಣಾಮಕಾರಿ.

ಹೆರಿಗೆಯ ನಂತರ

ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕೊಡುವುದು, ಬಿಸಿಜಿ, ಪೋಲಿಯೊ ಹಾಗೂ 24 ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸುವುದು ಎಲ್ಲ ಶಿಶುಗಳಂತೆ ಇಲ್ಲಿಯೂ ಅನ್ವಯ. ಮೊದಲ ದಿನಗಳ ಅಳು, ಬೇಸರ ಸಾಮಾನ್ಯ. ಅದು ಎರಡು ವಾರ ಮೀರಿದರೆ, ನಿದ್ರೆ ಹಾಗೂ ಮಗುವಿನ ಮೇಲಿನ ಆಸಕ್ತಿ ಕುಂದಿದರೆ, ‘ಗಂಡ ದೂರವಿದ್ದಾನೆ, ಸಹಜ’ ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದೆ.

ಜನನ ನೋಂದಣಿಯನ್ನು 21 ದಿನಗಳೊಳಗೆ ಉಚಿತವಾಗಿ ಮಾಡಿಸಬಹುದು. ಒಂದು ವರ್ಷ ಮೀರಿದಲ್ಲಿ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ತಂದೆ ರಜೆಗೆ ಬಂದ ಮೇಲೆಯೇ ನಾಮಕರಣವೆಂದು ಅನೇಕ ಮನೆಗಳಲ್ಲಿ ತೊಟ್ಟಿಲ ಶಾಸ್ತ್ರವನ್ನು ಮುಂದೂಡಲಾಗುತ್ತದೆ. ಅದಕ್ಕೆ ಅಡ್ಡಿಯಿಲ್ಲ: ಮಗುವಿನ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದಾಗಿದ್ದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದಾಗಿದೆ. ಹೆಸರು ಸೇರಿದ ಪ್ರಮಾಣ ಪತ್ರದ ಪ್ರತಿಯನ್ನು ಘಟಕಕ್ಕೆ ಕಳುಹಿಸಿದ ನಂತರ ಮಗುವಿನ ಜನನವೂ ‘ಭಾಗ 2 ಆದೇಶ’ದಲ್ಲಿ ಪ್ರಕಟಗೊಳ್ಳುತ್ತದೆ. ಪ್ರಕಟಗೊಂಡ ಆದೇಶದ ಪ್ರತಿಯೊಂದನ್ನು ಪಡೆದು, ಮಗುವಿನ ಹೆಸರು ಮತ್ತು ಜನ್ಮ ದಿನಾಂಕವನ್ನು ಪ್ರಮಾಣ ಪತ್ರದೊಂದಿಗೆ ತಾಳೆ ನೋಡಿ, ತಾಯಿ ಕಾರ್ಡಿನ ಜೊತೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು.