ಗ್ಲೆಂಡೇಲ್‌ನ ಹಳೇ ರನ್‌ವೇ, ಗುರುಗಳ ಸಹಿ

ಗ್ಲೆಂಡೇಲ್‌ನ ಗ್ರಾಂಡ್ ಸೆಂಟ್ರಲ್ ಅವೆನ್ಯೂ ಯಾಕೆ ಅಷ್ಟು ನೆಟ್ಟಗಿದೆ, ಯೋಚಿಸಿದ್ದೀರಾ? ಅದು ಹಿಂದೆ ರನ್‌ವೇ! 1929ರಲ್ಲಿ ಇಲ್ಲಿ ಗ್ರಾಂಡ್ ಸೆಂಟ್ರಲ್ ಏರ್ ಟರ್ಮಿನಲ್ ತೆರೆಯಿತು. ಅದೇ ಜುಲೈನಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಪ್ರಯಾಣಿಕರನ್ನು ಕೂರಿಸಿಕೊಂಡು ಇಲ್ಲಿಂದ ಪೂರ್ವಕ್ಕೆ ಹಾರಿದರು. ಎರಡನೇ ಮಹಾಯುದ್ಧದಲ್ಲಿ ಇದು ಸೇನೆಗೆ ತರಬೇತಿಯ ತಾಣ. 1959ರಲ್ಲಿ ಮುಚ್ಚಿತು.

ಹಾರಲು ಕಲಿಸುವ ಗುರುಗಳಿಗೆ ಅನುಮತಿ ಕೊಡುತ್ತಿದ್ದವರು ಯಾರು? 1921ರಲ್ಲಿ ಲಾಸ್ ಏಂಜಲೀಸ್ ಬಳಿಯ ಕಿನ್ನರ್ ಮೈದಾನದಲ್ಲಿ ನೀಟಾ ಸ್ನೂಕ್ ಎಂಬ ಯುವತಿ ಅಮೇಲಿಯಾ ಇಯರ್‌ಹಾರ್ಟ್‌ಗೆ ಪಾಠ ಹೇಳಿದಾಗ, ಅಮೆರಿಕದ ಕೇಂದ್ರ ಸರ್ಕಾರ ಪೈಲಟ್‌ಗಳಿಗೇ ಲೈಸೆನ್ಸ್ ಕೇಳುತ್ತಿರಲಿಲ್ಲ. ಅದಕ್ಕೆ ಕಾನೂನು ಬಂದದ್ದು 1926ರಲ್ಲಿ.

ಈಗ ಹಾಗಲ್ಲ. ವಿಮಾನ ಕಲಿಸಲು ಮೊದಲು ಕಮರ್ಷಿಯಲ್ ಪೈಲಟ್ ಆಗಿರಬೇಕು. ಎರಡು ಎಂಜಿನ್ ವಿಮಾನ ಕಲಿಸಲು ಬೇರೆ ರೇಟಿಂಗ್, ಮೋಡದೊಳಗೆ ಉಪಕರಣ ನೋಡಿ ಹಾರುವುದನ್ನು ಕಲಿಸಲು ಇನ್ನೊಂದು. ಹೊಸ ಗುರುಗಳನ್ನೇ ತಯಾರು ಮಾಡಲು ಸಾಮಾನ್ಯವಾಗಿ ಎರಡು ವರ್ಷದ ಅನುಭವ, 200 ಗಂಟೆಗಳ ಪಾಠ ಬೇಕು.

ಆದರೆ ಶಿಷ್ಯನನ್ನು ಮೊದಲ ಬಾರಿ ಒಬ್ಬನನ್ನೇ ಆಕಾಶಕ್ಕೆ ಕಳಿಸುವ ಸಹಿಯನ್ನು ಇಲ್ಲಿ ನಿನ್ನೆ ಮೊನ್ನೆ ಗುರುವಾದವರೂ ಹಾಕಬಹುದು. ಭಾರತದಲ್ಲಿ, ನಮ್ಮ ಬೆಂಗಳೂರಿನ ಜಕ್ಕೂರಿನಂಥ ಶಾಲೆಗಳಲ್ಲಿ, ಸಹಾಯಕ ಬೋಧಕರು ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾರೆ. ಆ ಮೊದಲ ಒಪ್ಪಿಗೆ ಮಾತ್ರ ಪೂರ್ಣ ಬೋಧಕರದೇ. ನನಗೇನೋ ಜಕ್ಕೂರಿನ ಕ್ರಮವೇ ಸರಿ ಎನಿಸುತ್ತದೆ; ಪೈಲಟ್ ಆಗಿರುವ ಓದುಗರು ಒಪ್ಪಲಿಕ್ಕಿಲ್ಲ.

ಹಳೇ ಟರ್ಮಿನಲ್ ಕಟ್ಟಡ ಈಗ ಡಿಸ್ನಿಯವರದು. ಆ ಕಡೆ ಹೋದಾಗ ಏರ್ ವೇ ರಸ್ತೆಯಲ್ಲಿ ಕಾರು ನಿಲ್ಲಿಸಿ, ಅದರ ಗೋಪುರವನ್ನು ಮಕ್ಕಳಿಗೆ ತೋರಿಸಿ.